ಪಿಯೊನಿಗೆ ಹೊದಿಸಿದ ರಜಾಯಿ

ಆ ಶನಿವಾರ ನನ್ನ ಗಂಡ ಕೊತ್ತಂಬರಿ ಸೊಪ್ಪು ಹೆಚ್ಚುವ ಕತ್ತರಿಯನ್ನು ಅಡುಗೆಮನೆಯಿಂದ ತೆಗೆದುಕೊಂಡು ಹೋಗಿ, ಹಿತ್ತಿಲಿನಲ್ಲಿ ಪಿಯೊನಿ ಹೂಗಿಡಗಳ ಒಣಗಿದ ಕಡ್ಡಿಗಳನ್ನು ಕತ್ತರಿಸುತ್ತ ಕೂತಿದ್ದರು. ಕೋವಿಡ್ ಬಂದ ಮಾರನೆಯ ವರ್ಷದ ನವೆಂಬರ್ ತಿಂಗಳು. ಅಮೆರಿಕದ ಈ ಷಾರ್ಲೆಟ್‌ನಲ್ಲಿ ಆ ತಿಂಗಳು ಬೆಳಿಗ್ಗೆ ಚಳಿಯಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಸ್ವೆಟರ್ ಬಿಚ್ಚಬೇಕಾಗುತ್ತದೆ. ಅವರ ತಲೆಗೆ ಎಂದಿನಂತೆ ಟೋಪಿ ಇರಲಿಲ್ಲ. ನಾನು ಹಿಂಬಾಗಿಲಲ್ಲಿ ನಿಂತು ಬೈದೆ.

"ರೀ, ಅದು ಅಡುಗೆಮನೆ ಕತ್ತರಿ. ಇನ್ನು ಅದ್ರಲ್ಲೇ ನಾನು ಸೊಪ್ಪು ಕಟ್ ಮಾಡ್ಬೇಕಾ?"

"ತೊಳ್ದು ಕೊಡ್ತೀನಿ ಕಣೇ. ಬಾ ಇಲ್ಲಿ, ಒಂದು ತೋರಿಸ್ತೀನಿ."

"ಮೊದ್ಲು ಟೋಪಿ ಹಾಕ್ಕೊಳ್ಳಿ."

"ಮೊದ್ಲು ನೀನು ಬಾ."

ಹೋದೆ. ಅವರು ಬೆರಳಿನಿಂದ ಮಣ್ಣು ಸರಿಸಿದರು. ಒಳಗೆ ಕೆಂಪಗೆ ಚೂಪಾಗಿ ನಾಲ್ಕೈದು ಮೊಳಕೆಗಳಿದ್ದವು. ನಾನು ಆಗ ಡೇ ಕೇರ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಹಲ್ಲು ಮೂಡುವ ಕೂಸುಗಳ ವಸಡು ನೋಡಿ ನೋಡಿ ಅಭ್ಯಾಸವಾಗಿತ್ತು. ಇವೂ ಹಾಗೇ ಕಂಡವು.

"ಇದು ಕಣ್ಣು. ಮುಂದಿನ ವರ್ಷದ ಹೂವೆಲ್ಲ ಇದ್ರೊಳಗೇ ಇದೆ. ಇದ್ರ ಮೇಲೆ ಇಷ್ಟೇ ಮಣ್ಣಿರಬೇಕು, ನೋಡು." ತೋರುಬೆರಳಿನ ಮೊದಲ ಗೆಣ್ಣನ್ನು ಹೆಬ್ಬೆರಳಿನಿಂದ ಮುಟ್ಟಿ ತೋರಿಸಿದರು. "ಜಾಸ್ತಿ ಆದ್ರೆ ಎಲೆ ಬರತ್ತೆ, ಹೂವು ಬರಲ್ಲ. ಇದಕ್ಕೆ ಚಳಿ ಬೇಕು. ಇಲ್ಲಿ ಚಳಿ ಮೊದ್ಲೇ ಕಮ್ಮಿ. ಬಿದ್ದಿದ್ದಷ್ಟೂ ಇದಕ್ಕೆ ತಾಗ್ಬೇಕು."

"ಹಾಗಾದ್ರೆ ನೀವೂ ರಾತ್ರಿ ಇಲ್ಲೇ ಮಲ್ಕೊಳ್ಳಿ. ನೀವೂ ಹೂ ಬಿಡ್ತೀರೇನೋ."

ಅವರು ಜೋರಾಗಿ ನಕ್ಕರು. ನಾನು ಕತ್ತರಿ ಕಿತ್ತುಕೊಂಡು ಒಳಗೆ ಬಂದೆ. ಸಂಜೆ ಮಟನ್ ಸಾರು ಮಾಡಿದೆ. ಅದಕ್ಕೆ ಉಪ್ಪು ಕಡಿಮೆಯಾಗಿದೆ ಎಂದರು. ಹಾಕಿಕೊಳ್ಳಿ ಎಂದೆ. ಆ ದಿನದ ಬಗ್ಗೆ ಹೇಳಲು ಬೇರೆ ಏನೂ ಇಲ್ಲ.

ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಬಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಮುಗಿದಿತ್ತು.

ನಮ್ಮದು ಮೈಸೂರು ಕಡೆಯ ಮುಸ್ಲಿಂ ಮನೆ. ಅವರು ಹುಣಸೂರಿನಲ್ಲಿ ಕನ್ನಡ ಶಾಲೆಗೆ ಹೋದವರು, ನಾನು ಮೈಸೂರಿನಲ್ಲಿ ಪಿಯುಸಿವರೆಗೆ ಕನ್ನಡದಲ್ಲೇ ಓದಿದವಳು. ಹಿರಿಯರು ಬಂದಾಗ ಉರ್ದು ಮಾತಾಡುತ್ತಿದ್ದೆವು. ನಮ್ಮಿಬ್ಬರ ಜಗಳ ಮತ್ತು ತಮಾಷೆ ಕನ್ನಡದಲ್ಲಿ ನಡೆಯುತ್ತಿದ್ದವು. ಇಲ್ಲಿನ ಬ್ಯಾಲಂಟೈನ್ ಬಡಾವಣೆಯ ಒಂದು ಬ್ಯಾಂಕಿನ ಆಫೀಸಿನಲ್ಲಿ ಅವರಿಗೆ ಕೆಲಸ. ಕೋವಿಡ್‌ಗೆ ಸ್ವಲ್ಪ ಮೊದಲು ಅವರಿಗೆ ಈ ಹೂವಿನ ಹುಚ್ಚು ಹತ್ತಿತು.

ಪಿಯೊನಿಯಷ್ಟು ಸೊಕ್ಕಿನ ಗಿಡವನ್ನು ನಾನು ಬೇರೆ ನೋಡಿಲ್ಲ. ನೆಟ್ಟ ಮೇಲೆ ಮೂರು ವರ್ಷ ಕಾಯಿಸುತ್ತದೆ. ಜಾಗ ಬದಲಿಸಿದರೆ ಸಿಟ್ಟು ಮಾಡಿಕೊಳ್ಳುತ್ತದೆ. ಮೊಗ್ಗಿನ ತುಂಬ ಇರುವೆ. ಕೊನೆಗೂ ಅರಳಿದರೆ ವರ್ಷಕ್ಕೆ ಹತ್ತು ದಿನ, ಅಷ್ಟರಲ್ಲಿ ಒಂದು ಮಳೆ ಬಂದರೆ ಒದ್ದೆ ಟಿಶ್ಯೂ ಪೇಪರಿನ ಹಾಗೆ ನೆಲಕ್ಕೆ ಬಿದ್ದಿರುತ್ತದೆ. ನಮ್ಮ ಮೈಸೂರಿನ ಮನೆಯ ಮುಂದೆ ಒಂದು ದಾಸವಾಳ ಇತ್ತು. ಪಾತ್ರೆ ತೊಳೆದ ನೀರು ಕುಡಿದು ವರ್ಷವಿಡೀ ಹೂ ಬಿಡುತ್ತಿತ್ತು. ಅದನ್ನು ಯಾರೂ ಫೋಟೋ ತೆಗೆಯಲಿಲ್ಲ. ಇಲ್ಲಿನ ಜನ ಪಿಯೊನಿಯ ಮುಂದೆ ಮೊಣಕಾಲೂರಿ ಫೋಟೋ ತೆಗೆಯುತ್ತಾರೆ. ನನ್ನ ಗಂಡನೂ ಅವರಲ್ಲೊಬ್ಬರಾದರು.

ಹಿತ್ತಿಲಲ್ಲಿ ಮೂರು ಗಿಡಗಳಿದ್ದವು. ಎರಡು ಅಂಗಡಿಯಿಂದ ತಂದ ಗುಲಾಬಿ ಬಣ್ಣದವು, ಆಗಲೇ ಹೂ ಬಿಡುತ್ತಿದ್ದವು. ಮೂರನೆಯದನ್ನು ಎದುರು ಮನೆಯ ಅಮೆರಿಕನ್ ಅಜ್ಜಿ ಮನೆ ಮಾರಿ ಹೋಗುವಾಗ ಅಗೆದು ಕೊಟ್ಟಿದ್ದಳು. ಅವಳ ತಾಯಿಯ ಮನೆ ಬೆಟ್ಟದ ಕಡೆ, ಅಲ್ಲಿಂದ ತಂದ ಗೆಡ್ಡೆ. ತಾಯಿಯ ಹತ್ತಿರ ಬಿಳಿಯದೂ ಇತ್ತಂತೆ, ಕೆಂಪಿನದೂ ಇತ್ತಂತೆ. ತಾನು ತಂದದ್ದು ಯಾವುದೆಂದು ಅವಳಿಗೆ ನೆನಪಿರಲಿಲ್ಲ. ಅವಳ ಹಿತ್ತಿಲಿನ ಓಕ್ ಮರದ ನೆರಳಲ್ಲಿ ಅದು ಒಮ್ಮೆಯೂ ಅರಳಿರಲಿಲ್ಲ. ಹೂವೇ ಬಿಡದ ಗಿಡವನ್ನು ಉಡುಗೊರೆ ಎಂದು ಕೊಟ್ಟ ಆ ಅಜ್ಜಿಯ ಧೈರ್ಯ ನನಗೆ ಆಶ್ಚರ್ಯ. ಅದನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟಿ ಬಂದ ನನ್ನ ಗಂಡನ ಮುಖ ನೋಡಬೇಕಿತ್ತು.

"ಬಿಳಿ," ಎಂದಿದ್ದರು ಅವರು ನೆಡುವಾಗಲೇ.

"ಕೆಂಪು," ಎಂದೆ ನಾನು, ಸುಮ್ಮನೆ ವಿರೋಧಿಸಬೇಕೆಂದು.

"ಬೆಟ್ ಕಟ್ತೀಯಾ? ಸೋತವರು ರಂಜಾನ್ ಪೂರ್ತಿ ಬೆಳಗಿನ ಜಾವದ ಸೆಹ್ರಿ ಊಟದ ಪಾತ್ರೆ ತೊಳೀಬೇಕು."

"ಮೂವತ್ತು ದಿನಾನೂ?"

"ಮೂವತ್ತು ದಿನಾನೂ. ಡಿಶ್‌ವಾಷರ್ ಮುಟ್ಟೋ ಹಾಗಿಲ್ಲ."

ಅವರು ತೀರಿಕೊಂಡ ವರ್ಷದ ವಸಂತದಲ್ಲಿ ಆ ಗಿಡಕ್ಕೆ ಬಟಾಣಿಯಷ್ಟು ಒಂದು ಮೊಗ್ಗು ಬಂದು, ಬಣ್ಣ ತೋರಿಸುವ ಮೊದಲೇ ಒಣಗಿತ್ತು. ಮುಂದಿನ ವರ್ಷ ಅರಳುವುದು ಗ್ಯಾರಂಟಿ ಎಂದು ಅವರು ಹೇಳುತ್ತಿದ್ದರು. ಮಣ್ಣು ಸರಿಸಿ ನನಗೆ ತೋರಿಸಿದ್ದು ಅದೇ ಗಿಡದ ಕಣ್ಣುಗಳನ್ನು.

ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವುದು ನಮ್ಮ ಕ್ರಮ. ಇದ್ದತ್ ಎನ್ನುತ್ತೇವೆ. ನನಗೆ ಅದು ನವೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ, ಅಂದರೆ ಸರಿಯಾಗಿ ಇಲ್ಲಿನ ಚಳಿಗಾಲದಷ್ಟು ಬಂತು. ನನಗೆ ಅದರ ಬಗ್ಗೆ ದೂರಿಲ್ಲ. ಎಲ್ಲಿಗೂ ಹೋಗಬೇಕಾಗಿಲ್ಲ ಎಂಬುದೊಂದೇ ಆಗ ನೆಮ್ಮದಿಯಾಗಿತ್ತು. ದೂರಿರುವುದು ಬಂದುಹೋದವರ ಬಗ್ಗೆ. ಒಂದೇ ವಾರದಲ್ಲಿ ಹನ್ನೊಂದು ಅಲ್ಯೂಮಿನಿಯಂ ಟ್ರೇ ಬಿರಿಯಾನಿ ಬಂತು. ಒಬ್ಬಳೇ ಹೆಂಗಸು ಅಷ್ಟು ಬಿರಿಯಾನಿಯನ್ನು ಏನು ಮಾಡುತ್ತಾಳೆ ಎಂದು ಯಾರೂ ಯೋಚಿಸಲಿಲ್ಲ. ವಾಟ್ಸಾಪ್‌ನಲ್ಲಿ ಒಬ್ಬಾಕೆ ಅಳುವ ಮುಖ ಹಾಕಿ, ಅದರ ಕೆಳಗೇ ನಿಮ್ಮ ರಸ್ತೆಯಲ್ಲಿ ಪಾರ್ಕಿಂಗ್ ಸಿಗುತ್ತದೆಯೇ ಎಂದು ಕೇಳಿದ್ದಳು. ಸೋಫಾದ ಮೇಲೆ ಕೂತವರೆಲ್ಲ ಒಂದೇ ಮಾತು ಹೇಳಿದರು: ತಂಡಿ. ಬರೀ ತಲೆಯಲ್ಲಿ ತಂಡಿಯೊಳಗೆ ಕೂತಿದ್ದರಲ್ಲ, ಅದಕ್ಕೇ ಹೀಗಾಯಿತು.

ವಾಷಿಂಗ್ಟನ್‌ನಿಂದ ಬಂದಿದ್ದ ನನ್ನ ಮಗಳು ಎರಡು ದಿನ ಸಹಿಸಿದಳು. ಮೂರನೆಯ ದಿನ ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಬಂದು, "ಅಮ್ಮೀ, ಇಟ್ ವಾಸ್ ಹಿಸ್ ಹಾರ್ಟ್. ಡಾಕ್ಟರ್ ಹೇಳಿದ್ರು. ಚಳಿ ಅಲ್ಲ," ಎಂದಳು.

"ಡಾಕ್ಟರಿಗೇನು ಗೊತ್ತು," ಎಂದೆ.

ಅವಳು ಇನ್ನೊಂದು ವಾರ ಇದ್ದು ಕೆಲಸಕ್ಕೆ ಮರಳಿದಳು.

ಡಿಸೆಂಬರ್‌ನಲ್ಲಿ ಒಂದು ಮಧ್ಯಾಹ್ನ ಎಲ್ಲರ ಫೋನುಗಳಲ್ಲೂ ಆ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಹಿಮ ಬೀಳುವ ಎಚ್ಚರಿಕೆ ಬಂತು. ಆ ದಿನ ನನ್ನನ್ನು ನೋಡಿಕೊಳ್ಳಲು ಇಬ್ಬರು ಬಂದಿದ್ದರು. ಒಬ್ಬರು ಶಿವಾಜಿನಗರದಿಂದ ಬಂದು ಇಲ್ಲಿ ನೆಲೆಸಿದ ಹಿರಿಯ ಹೆಂಗಸು, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇವೆ. ಇನ್ನೊಬ್ಬಳು ಮೂರು ಮನೆ ಆಚೆಯ ಮಂಗಳೂರಿನ ಕ್ರಿಶ್ಚಿಯನ್ ಗೆಳತಿ, ನನ್ನ ವಯಸ್ಸಿನವಳು. ಖಾಲಾ ಕಿಟಕಿಯಿಂದ ಹಿತ್ತಿಲು ನೋಡಿ, ಅವರು ಅಷ್ಟು ಪ್ರೀತಿಯಿಂದ ಬೆಳೆಸಿದ ಗಿಡಗಳು ಎಂದು ಕಣ್ಣೊರೆಸಿಕೊಂಡರು. ಮರುಕ್ಷಣ ಗರಾಜಿನಿಂದ ಹಳೆಯ ರಜಾಯಿಗಳನ್ನು ಎಳೆದು ತಂದರು. ನನ್ನ ಮಗಳು ಚಿಕ್ಕವಳಿದ್ದಾಗ ಹೊದೆಯುತ್ತಿದ್ದ ಮೀನಿನ ಚಿತ್ರಗಳ ರಜಾಯಿಯೂ ಅದರಲ್ಲಿತ್ತು. ಮಂಗಳೂರಿನವಳು ತನ್ನ ಮನೆಯಿಂದ ಎರಡು ಕಟ್ಟು ಪೈನ್ ಸ್ಟ್ರಾ ತಂದಳು. ಪೈನ್ ಮರದ ಸೂಜಿ ಎಲೆಗಳು, ಈ ಊರಿನವರು ಗಿಡದ ಬುಡಕ್ಕೆಲ್ಲ ಹಾಸುತ್ತಾರೆ.

ನಾನು ಸಿಂಕಿನ ಮುಂದೆ ನಿಂತು ನೋಡಿದೆ. ಕಿಟಕಿ ಅರ್ಧ ತೆರೆದಿತ್ತು.

"ಇನ್ನೂ ಹಾಕಮ್ಮ, ಇನ್ನೂ ಹಾಕು. ಕಿವಿ ಕಾಣಬಾರದು."

"ಗಿಡಕ್ಕೆ ಕಿವಿ ಎಂತದ್ದು ಖಾಲಾ?"

"ಬಾಣಂತಿಗೆ ಮಾಡ್ತೀವಲ್ಲ, ಹಂಗೆ ಮಾಡು. ಗಾಳಿ ಹೋಗಬಾರದು ಒಳಗೆ."

"ಹಾಗಾದ್ರೆ ಕಿವಿಗೆ ಹತ್ತಿ ಬೇಕಲ್ವಾ? ಹೊಟ್ಟೆ ಕಟ್ಟುದು ಬೇಡ್ವಾ?"

"ನಗಬೇಡ. ನೀವು ಕಡಲ ಕಡೆಯೋರು, ನಿಮಗೇನು ಗೊತ್ತು ತಂಡಿ ಅಂದ್ರೆ."

"ಮಾರಾಯ್ರೆ, ನಾನು ಇಲ್ಲಿಗೆ ಬರುವ ಮುಂಚೆ ಶಿಕಾಗೋದಲ್ಲಿ ಆರು ವರ್ಷ ಇದ್ದೆ."

"ಅದಕ್ಕೇ ಹಿಂಗೆ ಒಣಗಿದ್ದೀಯ. ಹಾಕು, ಆ ಮೀನಿಂದು ಮೇಲೆ ಹಾಕು."

ಪೈನ್ ಸ್ಟ್ರಾ, ಅದರ ಮೇಲೆ ಮೂರು ರಜಾಯಿ, ಅದರ ಮೇಲೆ ಕಾರಿಗೆ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ, ಮೂಲೆಗಳಿಗೆ ಇಟ್ಟಿಗೆ. ನನಗೆ ಬಾಯಿ ಇತ್ತು. ಕಿಟಕಿ ತೆರೆದಿತ್ತು. ಬೇಡ, ಇವಕ್ಕೆ ಚಳಿ ಬೇಕು ಎನ್ನಲು ನಾಲ್ಕು ಮಾತು ಸಾಕಿತ್ತು. ನನ್ನ ಗಂಡನನ್ನು ಮೂರು ಬಿಳಿ ಬಟ್ಟೆಗಳಲ್ಲಿ ಸುತ್ತಿ ಮಣ್ಣಿಗಿಟ್ಟು ಆಗ ಮೂರು ವಾರವಾಗಿತ್ತು. ಆ ರಾತ್ರಿಯ ಹಿಮ ಅಲ್ಲಿಯೂ ಬೀಳುವುದಿತ್ತು. ನಾನು ಕಿಟಕಿ ಮುಚ್ಚಿದೆ. ಅವರಿಬ್ಬರಿಗೂ ಶುಂಠಿ ಹಾಕಿ ಚಹಾ ಮಾಡಿದೆ.

ಮಾರ್ಚ್ ಕೊನೆಯಲ್ಲಿ ಇದ್ದತ್ ಮುಗಿಯಿತು. ಖಾಲಾ ಬಂದು ದುವಾ ಮಾಡಿಸಿದರು. ಅವರು ಹೋದ ಮೇಲೆ ನಾನು ಹಿತ್ತಿಲಿಗೆ ಹೋಗಿ ಇಟ್ಟಿಗೆ ಸರಿಸಿದೆ. ಪ್ಲಾಸ್ಟಿಕ್ಕಿನ ಕೆಳಗಿನ ವಾಸನೆ ಒಗೆಯದೆ ಮಡಿಸಿಟ್ಟ ಒದ್ದೆ ಬಟ್ಟೆಯದು. ರಜಾಯಿಗಳಿಗೆ ಬೂಷ್ಟು ಹಿಡಿದಿತ್ತು. ಕೆಳಗೆ ಚಿಗುರುಗಳು ಆಗಲೇ ಗೇಣುದ್ದ ಬೆಳೆದು, ಮೇಲೆ ಹೋಗಲು ದಾರಿಯಿಲ್ಲದೆ ಅಡ್ಡಡ್ಡ ಬಾಗಿ ಮಲಗಿದ್ದವು. ಅವುಗಳ ಬಣ್ಣ ನೆನೆಸಿಟ್ಟ ಹೆಸರುಕಾಳಿನ ಮೊಳಕೆಯದು. ಹೊದಿಕೆಯೆಲ್ಲ ತೆಗೆದ ಒಂದು ವಾರಕ್ಕೆ, ಏಪ್ರಿಲ್‌ನಲ್ಲಿ, ಒಂದು ರಾತ್ರಿ ಮತ್ತೆ ಹಿಮ ಬಿತ್ತು. ಬೆಳಿಗ್ಗೆ ಎಲ್ಲವೂ ಬೇಯಿಸಿದ ಪಾಲಕ್ ಸೊಪ್ಪಿನ ಹಾಗೆ ಕಪ್ಪಗಿದ್ದವು. ಆಮೇಲೆ ಹೊಸ ಎಲೆ ಬಂತು. ಮೂರರಲ್ಲಿ ಒಂದಕ್ಕೂ ಹೂ ಬರಲಿಲ್ಲ.

"ನೋಡಿದ್ಯಾ," ಎಂದರು ಖಾಲಾ, "ಒಂದು ರಾತ್ರಿ ಮುಚ್ಚಲಿಲ್ಲ, ಹೋಯ್ತು."

ಇಷ್ಟು ದಡ್ಡ ಮಾತಿಗೆ ನಾನು ತಲೆಯಾಡಿಸಿದೆ. ಅಷ್ಟೇ ಅಲ್ಲ, ಆ ಮಾತನ್ನೇ ಹಿಡಿದುಕೊಂಡೆ. ಎರಡನೆಯ ಚಳಿಗಾಲ ನನ್ನನ್ನು ಯಾರೂ ಒಳಗೆ ಕೂರಿಸಿರಲಿಲ್ಲ, ಯಾರೂ ಸಹಾಯಕ್ಕೂ ಬರಲಿಲ್ಲ. ಒಬ್ಬಳೇ ಗಾರ್ಡನ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಆರು ಚೀಲ ಗೊಬ್ಬರದ ಮಣ್ಣು ತಂದೆ. ಅಂಗಡಿಯವನು ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಎತ್ತಿ ಕಾರಿಗೆ ಹಾಕಿ ಒಳ್ಳೆಯ ದಿನವಾಗಲಿ ಎಂದ. ಇಲ್ಲಿ ಹೆಣದ ಮುಂದೆಯೂ ಹಾಗೆ ಹೇಳುತ್ತಾರೆ. ಮೂರು ಗಿಡಗಳ ಮೇಲೂ ಎರಡೆರಡು ಚೀಲ ಸುರಿದು ಕೈಯಿಂದ ತಟ್ಟಿದೆ. ಮೂರು ದಿಬ್ಬಗಳಾದವು. ಅವು ಹೇಗೆ ಕಂಡವೆಂದು ಬರೆಯಬೇಕಾಗಿಲ್ಲ. ಮೇಲೆ ಹೊಸ ರಜಾಯಿ ಹೊದಿಸಿದೆ. ಈ ಸಲ ಅಂಗಡಿಯಿಂದ ಕೊಂಡು ತಂದದ್ದು. ಹೊದಿಸುವಾಗ ಅವರ ಬೆರಳಿನ ಮೊದಲ ಗೆಣ್ಣು ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಆ ವರ್ಷವೂ ಎಲೆಯೇ. ಒಳ್ಳೆಯ, ದಪ್ಪ, ನಾಚಿಕೆಯಿಲ್ಲದ ಎಲೆ.

ಅದರ ಮುಂದಿನ ನವೆಂಬರ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಗಳು ಬಂದಳು. ಬಂದ ಮರುದಿನ ನಾನು ಮತ್ತೆ ರಜಾಯಿ ಒಣಹಾಕಿದ್ದನ್ನು ನೋಡಿ ಯಾಕೆಂದು ಕೇಳಿದಳು. ಹೇಳಿದೆ.

"ಬಟ್ ಅಮ್ಮೀ, ದೇ ನೀಡ್ ದ ಕೋಲ್ಡ್. ಅಬ್ಬಾ ಯಾವಾಗ್ಲೂ ಹೇಳ್ತಿದ್ರು. ಫೋನಲ್ಲಿ ಕೂಡ. ಐ ಯೂಸ್ಡ್ ಟು ಪುಟ್ ಹಿಮ್ ಆನ್ ಮ್ಯೂಟ್."

"ನನಗೆ ಹೇಳಿರ್ಲಿಲ್ಲ."

"ನಿಮ್ಗೆ ಹೇಳಿಲ್ವಾ? ರಿಯಲಿ?"

"ಇಲ್ಲ ಅಂದೆನಲ್ಲ. ಖಾಲಾನೇ ಮೊದ್ಲು ಮುಚ್ಚಿದ್ದು. ಅವರನ್ನೇ ಕೇಳು."

ಅವಳು ಹೊರಗೆ ಹೋಗಿ ಪ್ಲಾಸ್ಟಿಕ್ ಚಮಚದಿಂದ ದಿಬ್ಬದ ಮಣ್ಣು ತೆಗೆಯತೊಡಗಿದಳು. ಇಪ್ಪತ್ತಾರು ವರ್ಷದ ಹುಡುಗಿ, ಸರ್ಕಾರಿ ಆಫೀಸಿನಲ್ಲಿ ಕೆಲಸ, ಸಲಿಕೆ ಎಲ್ಲಿದೆ ಎಂದು ಕೇಳುವ ಬುದ್ಧಿ ಇಲ್ಲ. ಸಲಿಕೆ ಕೊಟ್ಟೆ. ಇಬ್ಬರೂ ಸೇರಿ ತೆಗೆದೆವು. ಗುಲಾಬಿ ಬಣ್ಣದ ಎರಡು ಗಿಡಗಳ ಕಣ್ಣುಗಳು ಸಿಕ್ಕವು, ಕೆಂಪಗೆ, ಗಟ್ಟಿಯಾಗಿ. ಮೂರನೆಯದರ ಗೆಡ್ಡೆಯ ಒಂದು ಬದಿ ಕೊಳೆತು ಮೆತ್ತಗಾಗಿತ್ತು. ಕೊಳೆತದ್ದನ್ನು ಕತ್ತರಿಸಿ ತೆಗೆದೆವು. ಅಡುಗೆಮನೆಯ ಕತ್ತರಿಯಿಂದ. ಉಳಿದ ಒಂದು ಹಿಡಿಯಷ್ಟರಲ್ಲಿ ಎರಡೇ ಕಣ್ಣುಗಳಿದ್ದವು. ಅದನ್ನು ಮೇಲಕ್ಕೆತ್ತಿ ಮತ್ತೆ ನೆಟ್ಟೆವು. ಮಗಳು ತೋರುಬೆರಳು ಮಣ್ಣಿಗೆ ಚುಚ್ಚಿ ಅಳತೆ ನೋಡಿದಳು, ಮೊದಲ ಗೆಣ್ಣಿನವರೆಗೆ. ಆ ಅಳತೆ ಅವಳಿಗೆ ಯಾರು ಕಲಿಸಿದರೆಂದು ನಾನು ಕೇಳಲಿಲ್ಲ.

ಮುಚ್ಚಿದ್ದರಿಂದಲೇ ಗಿಡ ಕೆಟ್ಟಿತೆಂಬ ಮಾತನ್ನು ಮಗಳು ಯಾರಿಗೋ ಹೇಳಿರಬೇಕು. ಹದಿನೈದು ದಿನದ ನಂತರ ಖಾಲಾ ಬಂದರು, ಕೈಯಲ್ಲಿ ಅಂಗಡಿಯ ಕುಂಡ, ಅದಕ್ಕೆ ಚಿನ್ನದ ಬಣ್ಣದ ರಿಬ್ಬನ್. ಡಿಸೆಂಬರ್‌ನಲ್ಲಿ ಪಿಯೊನಿ ಸಿಗದಿದ್ದರಿಂದ ಸೇವಂತಿಗೆ ತಂದಿದ್ದರು. ಅವರು ಅಳುತ್ತಿದ್ದರು.

"ನನ್ನ ಕೈಯಿಂದ ಆಯ್ತಲ್ಲಮ್ಮ. ಆ ಮನುಷ್ಯ ಮಗು ತರಹ ಸಾಕಿದ್ದು. ನಾನು ಮುಚ್ಚಿ ಮುಚ್ಚಿ ಸಾಯಿಸಿದೆ. ನನ್ನ ಮಾಫ್ ಮಾಡು."

ಅವರ ಸೊಸೆ ಕಾರಿನಲ್ಲಿ ಕಾಯುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು, ಮಂಡಿ ನೋವು, ನಮ್ಮ ಮನೆಯ ಮೆಟ್ಟಿಲು ಹತ್ತಲು ಎರಡು ಸಲ ನಿಂತಿದ್ದರು. ಆಗಲಾದರೂ ಹೇಳಬಹುದಿತ್ತು: ಖಾಲಾ, ನನಗೆ ಗೊತ್ತಿತ್ತು, ಕಿಟಕಿಯಲ್ಲಿ ನಿಂತು ನೋಡಿದೆ, ಮಾರನೆಯ ವರ್ಷ ನಾನೇ ಮಾಡಿದೆ.

"ಹೋಗ್ಲಿ ಬಿಡಿ ಖಾಲಾ. ನಿಮಗೇನು ಗೊತ್ತಿತ್ತು," ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡು, ನಿನ್ನದು ದೊಡ್ಡ ಮನಸ್ಸು ಎಂದರು. ಅಲ್ಯೂಮಿನಿಯಂ ಟ್ರೇಗಳನ್ನೂ ಅಳುವ ಮುಖಗಳನ್ನೂ ನಾನು ಎಷ್ಟೋ ದಿನ ಮನಸ್ಸಿನಲ್ಲೇ ಹಂಗಿಸಿದ್ದೆ. ಆ ದಿನ ನಮ್ಮ ನಡುಮನೆಯಲ್ಲಿ ಹಂಗಿಸಲು ಯೋಗ್ಯರಾದವರು ಒಬ್ಬರೇ ಇದ್ದರು. ಅದು ಖಾಲಾ ಅಲ್ಲ. ಸೇವಂತಿಗೆ ಒಂದು ತಿಂಗಳು ಚೆನ್ನಾಗಿತ್ತು. ಅದಕ್ಕೆ ನಾನು ನೀರು ಹಾಕಲಿಲ್ಲ, ಆದರೂ ಇತ್ತು.

ಖಾಲಾ ಹೋದ ವರ್ಷ ಪಕ್ಕದ ರಾಜ್ಯದ ಅಲ್ಫರೆಟಾದಲ್ಲಿರುವ ಇನ್ನೊಬ್ಬ ಮಗನ ಮನೆಗೆ ಹೊರಟುಹೋದರು. ಹೋಗುವ ಮೊದಲು ಫೋನ್ ಮಾಡಿ ಗಿಡ ಹೇಗಿದೆ ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಅವರಿಗೆ ನಿಜ ಇನ್ನೂ ಹೇಳಿಲ್ಲ.

ಈಗ ನಾನು ಯಾವುದನ್ನೂ ಮುಚ್ಚುವುದಿಲ್ಲ. ನವೆಂಬರ್‌ನಲ್ಲಿ ಕಡ್ಡಿ ಕತ್ತರಿಸಿ, ಎಲೆ ಗುಡಿಸಿ, ಬರಿ ಮಣ್ಣು ಬಿಡುತ್ತೇನೆ. ಹಿಮದ ಎಚ್ಚರಿಕೆ ಬಂದಾಗ ಫೋನನ್ನು ಮಗುಚಿ ಇಟ್ಟು ರಜಾಯಿ ಹೊದ್ದು ಮಲಗುತ್ತೇನೆ. ಮಂಗಳೂರಿನ ಗೆಳತಿ ಬೇಲಿಯ ಆಚೆಯಿಂದ, "ಎಂತ ಮಾರಾಯ್ತಿ, ಈ ಸರ್ತಿ ಬಾಣಂತನ ಇಲ್ವಾ?" ಎಂದು ಕೇಳುತ್ತಾಳೆ. ಇಲ್ಲ ಎನ್ನುತ್ತೇನೆ. ಗುಲಾಬಿ ಬಣ್ಣದ ಎರಡೂ ಎರಡು ವರ್ಷದಿಂದ ಹೂ ಬಿಡುತ್ತಿವೆ. ದೊಡ್ಡ ದೊಡ್ಡ ಪೆದ್ದು ಹೂಗಳು, ಮಳೆಗೆ ಬಿದ್ದುಹೋಗುತ್ತವೆ. ಮಗಳಿಗೆ ಫೋಟೋ ಕಳಿಸುತ್ತೇನೆ. ಫೋಟೋ ತೆಗೆಯಲು ನಾನೂ ಮೊಣಕಾಲೂರಬೇಕಾಗುತ್ತದೆ.

ಮೂರನೆಯದು ಬದುಕಿದೆ. ಈ ಮಾರ್ಚ್‌ನಲ್ಲಿ ನಾಲ್ಕು ಚಿಗುರು ಬಂದವು, ಮೊಣಕಾಲೆತ್ತರ ಬೆಳೆದವು. ಏಪ್ರಿಲ್ ಪೂರ್ತಿ ದಿನಾ ಬೆಳಿಗ್ಗೆ ಹೋಗಿ ಪ್ರತಿ ತುದಿಯನ್ನೂ ಬಿಡಿಸಿ ನೋಡಿದೆ. ಎಲೆಯೊಳಗೆ ಎಲೆ, ಅದರೊಳಗೂ ಎಲೆ. ಈ ರಂಜಾನ್‌ನಲ್ಲಿ ಸೆಹ್ರಿಯ ಒಂದು ತಟ್ಟೆ, ಒಂದು ಲೋಟವನ್ನು ದಿನಾ ಕೈಯಲ್ಲೇ ತೊಳೆದೆ. ಡಿಶ್‌ವಾಷರ್ ಮುಟ್ಟಲಿಲ್ಲ. ಸೋತದ್ದಕ್ಕೆ ತೊಳೆದೆನೋ ಸುಮ್ಮನೆ ತೊಳೆದೆನೋ ಹೇಳಲಾರೆ. ಆ ಗಿಡದ ಹೂವಿನ ಬಣ್ಣ ನನಗೆ ಇನ್ನೂ ಗೊತ್ತಿಲ್ಲ.